ದೊಡ್ಡೋರು ಎಂದರೆ ಆನೆ, ಸ್ವಾಮಿ

ಗುಡ್ಡಗಳ ಬೀಗದ ಕೈಯನ್ನು ಮೇಜಿನ ಡ್ರಾಯರಿನಲ್ಲಿಟ್ಟುಕೊಂಡಿರುವ ಮಾನ್ಯ ಅರಣ್ಯಾಧಿಕಾರಿಗಳೇ,

ಐದು ಗುಡ್ಡ ಹತ್ತಿ ಇಳಿಯಲು ಮೂವರು ಅನುಮತಿ ಕೇಳಿದೆವು. ತಾವು ಇಬ್ಬರಿಗೆ ಕೊಟ್ಟಿರಿ. ಕೈಬಿಟ್ಟದ್ದು ರವಿಕುಮಾರನನ್ನು. ಈ ನಡಿಗೆಯ ಕನಸು ಕಂಡವನು, ಅದನ್ನು ಯೋಚಿಸಿದವನು, ಎಲ್ಲಿ ಹತ್ತಬೇಕು ಎಲ್ಲಿ ನೀರು ತುಂಬಿಕೊಳ್ಳಬೇಕು ಎಂದು ನಿರ್ಧರಿಸಿದವನು ಅವನೇ. ಮದುವೆಗೆ ಛತ್ರ ಕೊಡುತ್ತೇವೆ, ಗಂಡು ಮಾತ್ರ ಒಳಗೆ ಬರುವಂತಿಲ್ಲ ಎಂದ ಹಾಗಾಯಿತು. ಕಾರಣವನ್ನೂ ದಯಪಾಲಿಸಿದ್ದೀರಿ: "ಸದರಿ ವ್ಯಕ್ತಿಯು ಅರಣ್ಯದಲ್ಲಿನ ದುಷ್ಕರ್ಮಿಗಳ ಚಲನವಲನದ ಪೂರ್ವಮಾಹಿತಿ ಹೊಂದಿದ್ದನೆಂಬ ಹಿಂದಿನ ವರದಿಯ ಮೇರೆಗೆ." ಇಷ್ಟುದ್ದದ ವಾಕ್ಯ ನಿಂತಿರುವುದು ಒಂದೇ ಒಂದು ಪದದ ಮೇಲೆ. ಆ ಪದ ತಪ್ಪು ಕಿವಿಗೆ ಬಿದ್ದಾಗ ಅಲ್ಲಿದ್ದವರಲ್ಲಿ ರವಿ ಆ ಬಗ್ಗೆ ಮಾತಾಡುವುದನ್ನೇ ಬಿಟ್ಟಿದ್ದಾನೆ. ತಮಗೆ ಪುರುಸೊತ್ತಿಲ್ಲ. ಉಳಿದವರಲ್ಲಿ ಪೆನ್ನು ಹಿಡಿಯುವವಳು ನಾನು. ಊರೆಲ್ಲ ಓದಲಿ ಎಂದೇ ಬರೆಯುತ್ತಿದ್ದೇನೆ.

ನಾನು ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಕಿ. ಈಗ ತಿ. ನರಸೀಪುರದಲ್ಲಿದ್ದೇನೆ. ಹಿಂದೆ ಕವಲಂದೆ ಕಡೆಯ ಶಾಲೆಯೊಂದರಲ್ಲಿದ್ದೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸೀಟಿ ಊದುವುದು ನನ್ನ ಕೆಲಸ. ಆ ಶಾಲೆಯ ಮೈದಾನದಲ್ಲಿ ನಿಂತರೆ ಮಳೆ ಬಿಟ್ಟ ಮಾರನೆಯ ದಿನ ದಕ್ಷಿಣಕ್ಕೆ ಗುಡ್ಡಗಳ ಸಾಲು ನೀಲಿಯಾಗಿ ಕಾಣುತ್ತಿತ್ತು. ಉಳಿದ ಹುಡುಗರು ಚೆಂಡಿನ ಹಿಂದೆ ಓಡುತ್ತಿದ್ದರೆ ರವಿ ಆ ಕಡೆಗೇ ನೋಡುತ್ತಾ ನಿಂತಿರುತ್ತಿದ್ದ. ಒಮ್ಮೆ ಗದರಿಸಿದ್ದಕ್ಕೆ ಕೇಳಿದ: "ಮಿಸ್, ಕೆಳೀಕೆ ಇಳೀದೆ ಆ ಗುಡ್ಡಗಳ ಬೆನ್ನ ಮ್ಯಾಲೇ ಒಂದರಿಂದ ಒಂದಕ್ಕೆ ಓಗಕ್ಕಾಯ್ತದಾ?" ಸೀಟಿ ಊದಿ ಅವನನ್ನು ಆಟಕ್ಕೆ ಅಟ್ಟಿದೆ. ಆಟದ ಮೇಡಂಗೆ ಯಾರೂ ಅಂಥ ಪ್ರಶ್ನೆ ಕೇಳಿರಲಿಲ್ಲ.

ಅವನು ಬೆಳೆದು ಐ.ಟಿ.ಐ. ಮುಗಿಸಿ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆದ ಮೇಲೂ ಆ ಪ್ರಶ್ನೆಯನ್ನು ಬಿಟ್ಟಿರಲಿಲ್ಲ. ತೊಂಬತ್ತೊಂಬತ್ತರಲ್ಲಿ ಒಂದು ಭಾನುವಾರ ಬಂದು, "ಮಿಸ್, ಉತ್ತರ ನಾವೇ ನಡ್ದು ನೋಡನ" ಎಂದ. ನನಗೂ ಶಾಲೆಯ ಮೈದಾನ ಸುತ್ತಿ ಸುತ್ತಿ ಬೇಜಾರಾಗಿತ್ತು. ನಂಜನಗೂಡಿನಲ್ಲಿ ಬೇಕರಿ ನಡೆಸುವ ನಂಜೇಶ್ ಜೊತೆಗೂಡಿದರು. ಅವರು ಸಕ್ಕರೆ ಕಾಯಿಲೆಗೆ ಹೆದರಿ ದಿನಾ ನಡೆಯುತ್ತಿದ್ದರು. ಸಕ್ಕರೆ ಮಾರಿಯೇ ಬದುಕುವವರಿಗೆ ಆ ಭಯ ಇರುವುದು ಸಹಜ.

ಮಾನ್ಯರೇ, ದಾರಿಯಿಲ್ಲದ ಕಡೆ ನಡೆಯುವುದೆಂದರೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಬಿಡುವುದಲ್ಲ. ಆ ವರ್ಷ ಮಳೆಗಾಲವೆಲ್ಲ ನಾವು ಕೂತದ್ದು ನಂಜೇಶರ ಬೇಕರಿಯ ಹಿಂದಿನ ಕೋಣೆಯಲ್ಲಿ, ಬನ್ನಿನ ಟ್ರೇಗಳ ನಡುವೆ. ಮಳೆಯಲ್ಲಿ ಹೋದರೆ ಬಂಡೆ ಜಾರುತ್ತದೆ, ಶಿವರಾತ್ರಿ ಹೊತ್ತಿಗೆ ಹೋದರೆ ಒರತೆಗಳು ಬತ್ತಿ ಹುಲ್ಲಿಗೆ ಬೆಂಕಿ ಬೀಳುವ ಭಯ. ಹಾಗಾಗಿ ದೀಪಾವಳಿ ಕಳೆದ ಮೇಲೆ ಎಂದು ಗೊತ್ತುಮಾಡಿದೆವು. ಐದು ಗುಡ್ಡಗಳಿಗೂ ನಾವೇ ಹೆಸರಿಟ್ಟೆವು: ಗೂನುಗುಡ್ಡ, ಜೋಡಿಗಲ್ಲು, ಬಸವನಬೆನ್ನು, ಬೋಳುನೆತ್ತಿ, ಕಡೆಗುಡ್ಡ. ತಮ್ಮ ಕಡತದಲ್ಲಿ ಅವಕ್ಕೆ ಬರೀ ನಂಬರುಗಳಿವೆ. ಒಂದೊಂದು ನೆತ್ತಿಗೂ ಇನ್ನೊಂದಕ್ಕೂ ನಡುವೆ ತಗ್ಗಿರುತ್ತದಲ್ಲ, ಅಲ್ಲಿ ಯಾರಿಗಾದರೂ ಕಾಲು ಉಳುಕಿದರೆ ಯಾವ ಹಳ್ಳದ ಗುಂಟ ಇಳಿದರೆ ಯಾವ ಊರು ಸಿಗುತ್ತದೆ ಎಂಬುದನ್ನು ರವಿ ಮೊದಲು ಯೋಚಿಸಿದ. "ಅತ್ತೋದು ಆಮೇಲೆ ಮಿಸ್. ಮೊದ್ಲು ಇಳಿಯೋದು ಗೊತ್ತಿರ್ಬೇಕು" ಎನ್ನುತ್ತಿದ್ದ. ಅವನ ತಾಯಿ ಮಂಚಮ್ಮ ರಾಗಿ ಹುರಿಹಿಟ್ಟು ಮಾಡಿಕೊಡುತ್ತೇನೆ ಎಂದರು. ನಂಜೇಶ್ ಹೊತ್ತುಕೊಂಡು ಹೋಗಲು ಪಟ್ಟಿ ಮಾಡಿದ್ದರಲ್ಲಿ ಒಂದು ಮಡಿಸುವ ಕುರ್ಚಿಯೂ ಇತ್ತು. ಅದನ್ನು ಪಟ್ಟಿಯಿಂದ ಬಿಡಿಸಲು ನಮಗೆ ಐದು ಗುಡ್ಡ ಹತ್ತಿದಷ್ಟು ಶ್ರಮವಾಯಿತು.

ನಾವು ಕದ್ದು ಹೋದವರಲ್ಲ. ಆ ಸಾಲು ಕಾಡುಗಳ್ಳರ ಗಲಾಟೆಯಿರುವ ಕಾಡಿನಿಂದ ದೂರವಿದೆ, ಹೋಗಬಹುದು ಎಂದು ಆಗಲೂ ತಮ್ಮ ಇಲಾಖೆಯೇ ಮೊಹರು ಒತ್ತಿ ಕೊಟ್ಟಿತ್ತು. ಹೊರಡುವ ಬೆಳಿಗ್ಗೆ ಮಂಚಮ್ಮನ ಬಾಗಿಲಲ್ಲಿ ರವಿ ಚೀಲ ಏರಿಸಿಕೊಂಡು, "ಬತ್ತೀನಿ ಕಣವ್ವ" ಎಂದ. "ಊಂ, ಬಾ ಮಗ" ಎಂದರು ಅವರು. ಈ ಎರಡು ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಕಾಡಿನ ಗೇಟಿನ ಬಳಿ ತಾವು ಜೀಪಿನ ಪಕ್ಕದಲ್ಲಿ ಮೇಜು ಹಾಕಿಕೊಂಡು ಕೂತಿದ್ದಿರಿ. ಆಗ ತಮ್ಮದು ಇಷ್ಟು ದೊಡ್ಡ ಹುದ್ದೆಯಲ್ಲ. ಕಾಡುಗಳ್ಳರ ಹಾವಳಿಯ ದಿನಗಳು. ಹಳ್ಳಿ ಜನ ಕಳ್ಳರನ್ನು ಹೆಸರು ಹಿಡಿದು ಕರೆಯುವುದಿಲ್ಲ, ಮರ್ಯಾದೆಯ ಅಡ್ಡಹೆಸರು ಇಟ್ಟಿರುತ್ತಾರೆ, ಕಿವಿಗೊಟ್ಟು ಕೇಳಿ ಎಂದು ಮೇಲಿನಿಂದ ಸೂಚನೆ ಬಂದಿತ್ತಂತೆ. ಅದು ನಮಗೆ ಆಮೇಲೆ ಗೊತ್ತಾದದ್ದು. ನನ್ನ ಹಣೆಯ ವಿಭೂತಿ ನೋಡಿ, ಯಾವ ಮಠದ ಒಕ್ಕಲು ಎಂದು ವಿಚಾರಿಸಿ ಕುರ್ಚಿ ತರಿಸಿದಿರಿ. ನಂಜೇಶರಿಗೂ ಒಂದು ಬಂತು. ರವಿಯನ್ನು "ಊರಲ್ಲಿ ಯಾವ ಬೀದಿ?" ಎಂದು ಕೇಳಿದಿರಿ. ಅವನು ಹೇಳಿದ. ಅವನಿಗೆ ಕುರ್ಚಿ ಬರಲಿಲ್ಲ. ಆದರೆ ಎದುರು ನಿಂತಿದ್ದ ಅವನಿಂದಲೇ ದಾರಿಯ ವಿವರ ಕೇಳತೊಡಗಿದಿರಿ.

"ಎರಡನೇ ರಾತ್ರಿ ಎಲ್ಲಿ?"

"ಜೋಡಿಗಲ್ಲು ಅಂತ ಸಾ, ಅದ್ರ ನೆತ್ತಿ ಮ್ಯಾಲೆ."

"ನೀರು ಕೆಳಗಿದೆಯಲ್ಲ. ನೀರಿನ ಹತ್ತಿರವೇ ಯಾಕಿಲ್ಲ?"

"ಅಲ್ಲಿ ಬ್ಯಾಡ ಸಾ. ಒತ್ತು ಮುಳುಗಿದ ಮ್ಯಾಲೆ ಅಲ್ಲಿಗೆ ದೊಡ್ಡೋರು ಬತ್ತಾರೆ."

ತಾವು ಪೆನ್ನು ಕೆಳಗಿಟ್ಟಿರಿ. "ಯಾರು ಬರ್ತಾರೆ?"

"ದೊಡ್ಡೋರು ಸಾ."

"ನೀನು ನೋಡಿದ್ದೀಯಾ?"

"ಓದ್ವರ್ಸ ನಮ್ಮ ಮಾವನ ಜತೆ ದನ ಉಡುಕ್ಕೊಂಡು ಬಂದಿದ್ದಾಗ ನೋಡಿದ್ದೆ ಸಾ, ಮ್ಯಾಲಿಂದ. ನೀರು ಕುಡ್ಕೊಂಡು ಆ ಕಡೀಕೆ ಇಳಿದೋದ್ರು."

"ಎಷ್ಟು ಜನ?"

"ಆರೇಳು ಇದ್ರು ಸಾ."

"ನಿಮಗೆ ಏನೂ ಮಾಡಲಿಲ್ವಾ?"

"ನಾವು ಅಡ್ಡ ಓಗ್ದಿದ್ರೆ ಅವ್ರು ಯಾಕೆ ಮಾಡಾರು ಸಾ. ಅವ್ರ ಪಾಡಿಗೆ ಅವ್ರು."

ತಮ್ಮ ಮುಖ ಬದಲಾದದ್ದನ್ನು ನೋಡಿದ ಮೇಲೆ ನನಗೆ ಹೊಳೆಯಿತು. "ಸಾರ್, ಅವನು ಹೇಳ್ತಿರೋದು ಆನೆ ವಿಷಯ" ಎಂದೆ. "ನೀವು ಸುಮ್ನಿರಿ ಮೇಡಂ, ನಾನು ಅವನನ್ನ ಕೇಳ್ತಿದ್ದೀನಿ" ಎಂದಿರಿ. ಮತ್ತೆ ಅವನ ಕಡೆ ತಿರುಗಿ, "ಅವರು ಅಂದ್ರೆ ಯಾರು? ಬಾಯಿಬಿಟ್ಟು ಹೆಸರು ಹೇಳು" ಎಂದಿರಿ.

ಅಲ್ಲಿ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಎರಡಕ್ಷರದ ಮಾತು. ಆದರೆ ಗೇಟಿನಾಚೆ ಕಾಡು ನಿಂತಿತ್ತು. ಮಂಚಮ್ಮನ ತವರು ಕಾಡಂಚಿನ ಹಳ್ಳಿ. ಅಲ್ಲಿನವರು ಕಾಡಿನ ಬಾಯಲ್ಲಿ ನಿಂತು ಆ ಹೆಸರು ಎತ್ತುವುದಿಲ್ಲ. ಎತ್ತಿದರೆ ಕರೆದ ಹಾಗೆ, ಕರೆದರೆ ಎದುರಿಗೆ ಬಂದ ಹಾಗೆ. ರವಿ ಇದನ್ನೆಲ್ಲ ನಂಬುವವನೇನಲ್ಲ. ಬೇಕರಿಯಲ್ಲಿ ಕೂತು ಮೂಢನಂಬಿಕೆ ಎಂದು ನಗುತ್ತಿದ್ದವನೇ. ಆದರೆ ತಾಯಿಯ ಮಡಿಲಲ್ಲಿ ಕಲಿತ ನಾಲಗೆ ಐ.ಟಿ.ಐ. ಓದಿದ ತಲೆಯ ಮಾತು ಕೇಳುವುದಿಲ್ಲ. ಕಾಡಿನ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿ ಅವನು ಹೇಳಿದ: "ಅವ್ರೇ ಸಾ. ದೊಡ್ಡೋರೇ."

ದನಿ ತಗ್ಗಿಸಿದ್ದೇ ತಮಗೆ ಸಾಕ್ಷಿಯಾಯಿತು. ಅವನನ್ನು ಜೀಪಿಗೆ ಹತ್ತಿಸಿದಿರಿ. ನಮ್ಮಿಬ್ಬರನ್ನು ಬಸ್ಸಿಗೆ ಹತ್ತಿಸಿದಿರಿ.

ಆಮೇಲೆ ಅವನು ಎಲ್ಲಿದ್ದ ಎಂದು ತಿಳಿಯಲು ಮಂಚಮ್ಮನೂ ನಾನೂ ಎಷ್ಟು ಬಾಗಿಲು ತಟ್ಟಿದೆವೋ ಲೆಕ್ಕವಿಲ್ಲ. ಪ್ರತಿ ಬಾಗಿಲಲ್ಲೂ ನಾನು "ದೊಡ್ಡೋರು ಎಂದರೆ ಆನೆ, ಸ್ವಾಮಿ" ಎಂದು ಪಾಠ ಒಪ್ಪಿಸಿದೆ. ಕೆಲವರು ನಕ್ಕರು. ಕೆಲವರು ನನ್ನನ್ನೇ ಅನುಮಾನದಿಂದ ನೋಡಿದರು. ಕಡೆಗೆ ಯಾವ ಕೇಸೂ ಇಲ್ಲದೆ, ಯಾವ ಕಾಗದವೂ ಇಲ್ಲದೆ, ಒಂದು ಮಧ್ಯಾಹ್ನ ಅವನನ್ನು ಬಸ್ ನಿಲ್ದಾಣದಲ್ಲಿ ಬಿಟ್ಟು ಹೋದರು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡಿದ್ದ. ಪಾದಗಳು ಚಪ್ಪಲಿಯೊಳಗೆ ಹೋಗುವ ಸ್ಥಿತಿಯಲ್ಲಿರಲಿಲ್ಲ. ಹೊಡೆದವರು ತಾವಲ್ಲ, ಒಪ್ಪುತ್ತೇನೆ. ತಾವು ಅವನನ್ನು ಪೊಲೀಸರಿಗೆ ಒಪ್ಪಿಸಿದವರು ಅಷ್ಟೇ. ಮೈಯಲ್ಲಿ ಬೇರೆಲ್ಲ ಜಾಗ ಬಿಟ್ಟು, ನಡೆಯುವುದೊಂದೇ ಆಸೆಯಾಗಿದ್ದವನ ಅಂಗಾಲು ಆರಿಸಿಕೊಂಡದ್ದು ಅವರ ಜಾಣತನ.

ಈಗ ತಮ್ಮನ್ನು ಒಂದು ಮಾತು ಕೇಳಬೇಕು. ತಾವೇನು ಬೇರೆ ದೇಶದಿಂದ ಬಂದವರೇ? ಕನ್ನಡದವರೇ, ನಮ್ಮ ಸೀಮೆಯವರೇ. ತಮ್ಮ ಮನೆಯಲ್ಲಿ ದೇವರ ಮುಂದಿನ ದೀಪವನ್ನು ಆರಿಸಬೇಕಾದಾಗ ಏನೆನ್ನುತ್ತಾರೆ? ದೀಪ ದೊಡ್ಡದು ಮಾಡು ಎನ್ನುತ್ತಾರೆ. ಹಾಗೆಂದಾಗ ತಾವು ಹೋಗಿ ಎಣ್ಣೆ ಸುರಿಯುತ್ತೀರಾ? ಬಳೆ ಒಡೆದರೆ ಬಳೆ ಹೆಚ್ಚಿತು ಎನ್ನುತ್ತಾರೆ. ಹೆಚ್ಚಾದ ಬಳೆ ಎಲ್ಲಿ ಎಂದು ಪಂಚನಾಮೆ ಮಾಡಿದ್ದೀರಾ? ಕತ್ತಲಾದ ಮೇಲೆ ಹಾವನ್ನು ಹುಳ ಎನ್ನುತ್ತಾರೆ, ಮೈಮೇಲೆ ಸಿಡುಬು ಎದ್ದರೆ ಅಮ್ಮ ಬಂದಳು ಎನ್ನುತ್ತಾರೆ. ಹೋಗಲಿ, ದಿನಾ ಬೆಳಿಗ್ಗೆ ಕಚೇರಿಗೆ ಹೊರಡುವಾಗ ಬಾಗಿಲಲ್ಲಿ ನಿಂತು ತಾವು ಏನೆನ್ನುತ್ತೀರಿ? ಬರ್ತೀನಿ ಎನ್ನುತ್ತೀರಿ. ಹೋಗುತ್ತಿರುವ ಮನುಷ್ಯ ಬರ್ತೀನಿ ಎನ್ನುತ್ತಿದ್ದಾನೆ, ಇದರಲ್ಲೇನೋ ಸಂಚಿದೆ ಎಂದು ತಮ್ಮ ಮನೆಯವರು ಯಾವತ್ತಾದರೂ ಜೀಪು ಕರೆಸಿದ್ದಾರಾ? ಕೆಟ್ಟದ್ದನ್ನು, ಭಯದ್ದನ್ನು ನೇರವಾಗಿ ಹೆಸರಿಸದೆ ಬದುಕುವ ಜನ ನಾವು. ತಮ್ಮ ಮನೆಯಲ್ಲಿ ಅದು ಸಂಪ್ರದಾಯ, ಆ ಬೀದಿಯ ಹುಡುಗನ ಬಾಯಲ್ಲಿ ಅದು ಸಂಕೇತಭಾಷೆ ಆಗುವುದು ಹೇಗೆ? ಅದೂ ಕಾಡು ಕಾಯುವ ಅಧಿಕಾರಿಗೆ ಕಾಡಿನ ಮಾತು ಬರುವುದಿಲ್ಲ ಎಂದರೆ, ಪೂಜಾರಿಗೆ ಗಂಟೆ ಹಿಡಿಯಲು ಬರುವುದಿಲ್ಲ ಎಂದ ಹಾಗೆ.

ವರ್ಷಗಳು ಕಳೆದವು. ಹಾವಳಿ ಮುಗಿಯಿತು. ಆದರೂ ಗುಡ್ಡದ ಕಡೆ ಒಂದು ಮರ ಕಡಿದರೂ ಮಂಚಮ್ಮನ ಮನೆಗೆ ಯಾರಾದರೂ ಬಂದು "ನಿನ್ನ ಮಗ ಎಲ್ಲಿ?" ಎಂದು ಕೇಳಿಕೊಂಡು ಹೋಗುವುದು ನಿಲ್ಲಲಿಲ್ಲ. ರವಿ ಕಾರ್ಖಾನೆಗೆ ಹೋಗುತ್ತಿದ್ದ, ಬರುತ್ತಿದ್ದ, ದಕ್ಷಿಣಕ್ಕೆ ಬೆನ್ನು ಹಾಕಿ ಕೂರುತ್ತಿದ್ದ. ನಾನು ನರಸೀಪುರಕ್ಕೆ ವರ್ಗವಾಗಿ ಬಂದೆ. ಹೀಗಿರುವಾಗ ಹೋದ ತಿಂಗಳು ಪತ್ರಿಕೆಯಲ್ಲಿ ತಮ್ಮ ಪ್ರಕಟಣೆ ನೋಡಿದೆ: ಚಾರಣಾಸಕ್ತರಿಗೆ ಸುವರ್ಣಾವಕಾಶ, ಪ್ರಕೃತಿಯ ಮಡಿಲಿಗೆ ಸ್ವಾಗತ. ಬಸ್ಸು ಹತ್ತಿ ನೇರವಾಗಿ ರವಿಯ ಮನೆಗೆ ಹೋದೆ.

ಅವನು ಅದನ್ನು ಓದಿ ಮಡಚಿ ಕೊಟ್ಟ. "ಬ್ಯಾಡ ಮಿಸ್."

"ಯಾಕೋ?"

"ನಂಗೆ ಆ ಗೇಟು ಕಂಡ್ರೆ ಆಗಲ್ಲ."

ನಾನು ಬಲವಂತ ಮಾಡಲಿಲ್ಲ. ಗೂನುಗುಡ್ಡದಿಂದ ಇಳಿಯುವಾಗ ಬಲಗಡೆ ಹಿಡಿಯಬೇಕೋ ಎಡಗಡೆಯೋ, ನನಗೆ ಮರೆತಿದೆ, ಅಷ್ಟು ಹೇಳಿಬಿಡು, ನಂಜೇಶರನ್ನು ಕರೆದುಕೊಂಡು ನಾನೇ ಹೋಗುತ್ತೇನೆ ಎಂದೆ. ಮಾನ್ಯರೇ, ನಂಜೇಶ್ ತಮ್ಮ ಬೇಕರಿಯಿಂದ ಮನೆಗೆ ಹೋಗುವ ದಾರಿಯನ್ನೂ ಇನ್ನೊಬ್ಬರನ್ನು ಕೇಳಿ ಹೋಗುವವರು. ಅದು ರವಿಗೆ ಗೊತ್ತು. ಅವನ ಮುಖದಲ್ಲಿ ಗಾಬರಿ ಕಂಡಿತು. "ಎಡಗಡೆ ಓದ್ರೆ ಸತ್ತೋಗ್ತೀರ ಮಿಸ್" ಎಂದು ಎದ್ದು ಕೂತ. ಕಡ್ಡಿ ತೆಗೆದುಕೊಂಡು ಅಂಗಳದ ಮಣ್ಣಿನಲ್ಲಿ ಗೆರೆ ಎಳೆಯಲು ಶುರುಮಾಡಿದ. ಗೂನುಗುಡ್ಡ ಬಂತು, ಜೋಡಿಗಲ್ಲು ಬಂತು. ಈಗ ಲಂಟಾನ ಪೊದೆ ಹಬ್ಬಿರುತ್ತದೆ, ಹಳೆಯ ಲೆಕ್ಕದಲ್ಲಿ ನಡೆದರೆ ಆಗದು, ಇನ್ನೊಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಬೇಕು ಎಂದ. ಬಸವನಬೆನ್ನಿನ ಮೇಲೆ ಗಾಳಿ ಹೆಚ್ಚು, ಅಲ್ಲಿ ತಂಗುವುದು ಬೇಡ ಎಂದ. ಮಂಚಮ್ಮ ಒಳಗಿನಿಂದ ಬಂದು ಬಾಗಿಲ ಹತ್ತಿರ ನಿಂತು ಮಗನ ಮಾತನ್ನೇ ಕೇಳುತ್ತಿದ್ದರು. ಇಷ್ಟು ವರ್ಷದಲ್ಲಿ ಅವನು ಅಷ್ಟು ಮಾತಾಡಿದ್ದನ್ನು ನಾವಿಬ್ಬರೂ ಕಂಡಿರಲಿಲ್ಲ. ಜೋಡಿಗಲ್ಲಿನ ಕೆಳಗಿನ ನೀರಿನ ಹತ್ತಿರ ಬಂದಾಗ ಮಾತ್ರ ಕಡ್ಡಿ ನಿಂತಿತ್ತು. "ಇಲ್ಲಿ ಬ್ಯಾಡ" ಎಂದಷ್ಟೇ ಹೇಳಿ ಮುಂದಕ್ಕೆ ಎಳೆದಿದ್ದ. ನಾನು ಎದ್ದು ಹೊರಟಾಗ ಅವನೇ ಹೇಳಿದ: "ನನ್ನ ಎಸ್ರೂ ಆಕಿ ಮಿಸ್. ನೋಡನ."

ಆ "ನೋಡನ" ಎಂಬ ಮಾತಿಗೆ ತಾವು ಕೊಟ್ಟ ಉತ್ತರ ಮೇಲೆ ಹೇಳಿದ್ದೇನೆ. ಇಬ್ಬರಿಗೆ ಒಪ್ಪಿಗೆ, ಸದರಿ ವ್ಯಕ್ತಿಗೆ ಇಲ್ಲ.

ಅದನ್ನು ಅವನಿಗೆ ಹೇಳುವ ಮೊದಲು ತಮ್ಮನ್ನೇ ಕಂಡು ಮಾತಾಡೋಣ ಎಂದು ತಮ್ಮ ಕಚೇರಿಗೆ ಬಂದೆ. ಬಾಗಿಲಲ್ಲಿ ಜವಾನರೊಬ್ಬರು ಸ್ಟೂಲಿನ ಮೇಲೆ ಕೂತಿದ್ದರು. ಪಾಪ, ಒಳ್ಳೆಯ ಮನುಷ್ಯ. ಅವರ ಮೇಲೆ ದಯವಿಟ್ಟು ಸಿಟ್ಟಾಗಬೇಡಿ.

"ಒಳಗೆ ಬಿಡಕ್ಕಾಗಲ್ಲ ಕಣಮ್ಮ. ದೊಡ್ಡೋರು ಮೀಟಿಂಗಲ್ಲವ್ರೆ" ಎಂದರು.

ನಾನು ನಿಂತಲ್ಲೇ ನಿಂತೆ. "ಯಾರು?" ಎಂದೆ.

"ದೊಡ್ಡೋರು."

"ದೊಡ್ಡೋರು ಅಂದ್ರೆ ಯಾರಪ್ಪ? ಹೆಸರು ಹೇಳಿ."

ಆ ಮನುಷ್ಯ ಮುಚ್ಚಿದ ಬಾಗಿಲ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿ ಹೇಳಿದರು: "ಅವ್ರೇ ಕಣಮ್ಮ. ದೊಡ್ಡೋರೇ."

ನಗಬೇಕೋ ಅಳಬೇಕೋ ತಿಳಿಯದೆ ಹೊರಗೆ ಬಂದು ಮರದ ಕೆಳಗೆ ಕೂತೆ. ಮಾತು ಅದೇ, ನೋಟ ಅದೇ, ತಗ್ಗಿದ ದನಿ ಅದೇ. ಮಾನ್ಯರೇ, ತಮ್ಮದೇ ವರದಿಯ ನ್ಯಾಯ ಹಿಡಿದರೆ ತಮ್ಮ ಕಚೇರಿಯಲ್ಲೇ ದುಷ್ಕರ್ಮಿಯೊಬ್ಬರು ಮೀಟಿಂಗಿನಲ್ಲಿದ್ದರು, ಅವರ ಚಲನವಲನದ ಪೂರ್ವಮಾಹಿತಿ ಜವಾನರಿಗಿತ್ತು. ಅವರನ್ನು ಜೀಪಿಗೆ ಹತ್ತಿಸುತ್ತೀರಾ? ಖಂಡಿತ ಇಲ್ಲ. ಏಕೆಂದರೆ ಆ ಪದ ತಮಗೆ ಸಲ್ಲುವಾಗ ಅದರ ಅರ್ಥ ತಮಗೆ ಚೆನ್ನಾಗಿ ತಿಳಿಯುತ್ತದೆ. ಹೆಸರು ಹಿಡಿದು ಕರೆದರೆ ಮೈಮೇಲೆ ಬರುವವರನ್ನು ನಮ್ಮ ಜನ ಹಾಗೆ ಕರೆಯುತ್ತಾರೆ. ಈ ಇಡೀ ಪತ್ರದಲ್ಲಿ ನಾನೂ ತಮ್ಮ ಹೆಸರು ಎತ್ತಿಲ್ಲ, ಗಮನಿಸಿರಬಹುದು. ಅದು ಮರ್ಯಾದೆಯೋ ಭಯವೋ ಎಂದು ತಾವೇ ಯೋಚಿಸಿ.

ನನ್ನ ಬೇಡಿಕೆ ದೊಡ್ಡದಲ್ಲ. ಕ್ಷಮೆ ಕೇಳಿ ಎನ್ನುತ್ತಿಲ್ಲ, ಅದು ತಮ್ಮ ಹುದ್ದೆಗೆ ಅಭ್ಯಾಸವಿಲ್ಲದ ಕೆಲಸ. ಆ ಹಳೆಯ ವರದಿಯ ಅಂಚಿನಲ್ಲಿ ತಮ್ಮ ಸ್ವಂತ ಕೈಯಿಂದ ಒಂದು ಸಾಲು ಬರೆಯಿರಿ: "ಇಲ್ಲಿ ದೊಡ್ಡೋರು ಎಂದರೆ ಆನೆ. ಕೇಳಿದ ಕಿವಿ ನನ್ನದು, ತಪ್ಪು ನನ್ನದು." ಕೆಳಗೆ ಸಹಿ ಹಾಕಿ. ಅನುಮತಿಯಲ್ಲಿ ರವಿಕುಮಾರನ ಹೆಸರನ್ನು ಮೊದಲನೆಯದಾಗಿ ಸೇರಿಸಿ. ಹೊರಡುವ ದಿನ ತಾವೇ ಆ ಗೇಟಿನ ಹತ್ತಿರ ಬಂದು ಅದನ್ನು ಅವನ ಕೈಗೆ ಕೊಡಿ. ಕುರ್ಚಿ ಹಾಕಿಸುವುದಾದರೆ ಮೂರು ಹಾಕಿಸಿ, ಇಲ್ಲವೇ ಒಂದೂ ಬೇಡ. ಅದಾಗದೆ ಹೋದರೆ ನಮ್ಮಿಬ್ಬರ ಅನುಮತಿಯನ್ನೂ ವಾಪಸು ಪಡೆಯಿರಿ. ದಾರಿ ಯೋಚಿಸಿದವನನ್ನು ಮನೆಯಲ್ಲಿ ಕೂರಿಸಿ ಆ ದಾರಿಯಲ್ಲಿ ನಡೆಯುವಷ್ಟು ನಾನು ಇನ್ನೂ ಕೆಟ್ಟಿಲ್ಲ.

ಇದನ್ನು ಬರೆಯುತ್ತೇನೆ ಎಂದು ಮಂಚಮ್ಮನಿಗೆ ಹೇಳಿದೆ. ಅವರು ಹೇಳಿದ ಮಾತನ್ನು ಹಾಗೇ ತಲುಪಿಸುತ್ತಿದ್ದೇನೆ: "ನನ್ನ ಮಗ ಅವತ್ತು ಬತ್ತೀನಿ ಅಂದ್ಬುಟ್ಟು ಓದ. ಬಂದದ್ದು ಅವನಲ್ಲ ಕಣಮ್ಮ, ಬರೀ ಅವನ ಮೈ. ಈ ಸಾರ್ತಿ ಬತ್ತೀನಿ ಅಂದ್ರೆ ಅವನೇ ಬರ್ಬೇಕು. ಅಷ್ಟು ಕೇಳು ಆ ದೊಡ್ಡೋರ್ನ."

ಕೇಳಿದ್ದೇನೆ. ದೀಪಾವಳಿ ಕಳೆದ ಮೇಲೆ ಮೂವರೂ ಗೇಟಿನ ಹತ್ತಿರ ಬರುತ್ತೇವೆ. ಈ ಮಾತಿಗೆ ಬೇರೆ ಅರ್ಥವಿಲ್ಲ.

ಇಂತಿ,
ಊರೊಳಗೆ ಕೂತಿರುವುದರಿಂದ ಮಾತ್ರ ಆನೆಯನ್ನು ಆನೆ ಎಂದು ಬರೆಯುವ ಧೈರ್ಯ ಮಾಡಿರುವ,
ಗುರುಸಿದ್ದಮ್ಮ
ದೈಹಿಕ ಶಿಕ್ಷಕಿ, ತಿ. ನರಸೀಪುರ
೨೦೦೬